ಕಟಾವಿನ ಪಾಳಿ, ನಲವತ್ತು ನಿಮಿಷ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಆ ತಿಂಗಳುಗಳಲ್ಲಿ ದಿನಕ್ಕೆರಡು ಸಾಲಿನಂತೆ ದಿನಚರಿ ಬರೆದಿದ್ದೇನೆ. ಆದರೆ ಮೊನ್ನೆ ತೆಗೆದು ನೋಡಿದಾಗ ನನ್ನ ನೆನಪಿಗೂ ಅದಕ್ಕೂ ಹಲವು ಕಡೆ ಹೊಂದಲಿಲ್ಲ. ಮೊದಲ ಅಣಕು ಪರೀಕ್ಷೆಯ ದಿನ ಬಳ್ಳಾರಿಯಲ್ಲಿ ಜೋರು ಮಳೆ ಎಂದು ಎಷ್ಟೋ ಜನರಿಗೆ ಹೇಳಿಕೊಂಡು ಬಂದಿದ್ದೇನೆ. ದಿನಚರಿಯ ಪ್ರಕಾರ ಅವತ್ತು ಬಿಸಿಲು. ಮಳೆಯಲ್ಲಿ ತೊಯ್ದು ಮನೆಗೆ ಬಂದದ್ದು ಅದರ ಮುಂದಿನ ವಾರ. ಸೋತ ದಿನಕ್ಕೆ ಮಳೆ ಚೆನ್ನಾಗಿ ಒಪ್ಪುತ್ತದೆ ಅಂತ ಮನಸ್ಸು ತಾನೇ ಜೋಡಿಸಿಕೊಂಡಿರಬೇಕು. ಹಾಗಾಗಿ ಅಂಕಗಳನ್ನು ದಿನಚರಿಯಿಂದ ತೆಗೆದುಕೊಂಡಿದ್ದೇನೆ, ಮಾತುಗಳನ್ನು ನೆನಪಿನಿಂದ. ಮಾತುಗಳ ವಿಷಯದಲ್ಲಿ ನನ್ನನ್ನು ಪೂರ್ತಿ ನಂಬಬೇಡಿ.

ಆಗ ನಾನು ಕುರುಗೋಡಿನ ಒಂದು ಪದವಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಮನೆ ಸಿರುಗುಪ್ಪದಲ್ಲಿ, ಅವ್ವ, ಅಣ್ಣ, ಅತ್ತಿಗೆ, ನಾನು. ದಿನಾ ಬೆಳಿಗ್ಗೆ ಸಿರಿಗೇರಿ ಮೇಲೆ ಹೋಗುವ ಬಸ್ಸು ಹಿಡಿಯುತ್ತಿದ್ದೆ. ಅತಿಥಿ ಉಪನ್ಯಾಸಕರ ಪಟ್ಟಿ ವರ್ಷ ವರ್ಷವೂ ಹೊಸದಾಗಿ ಬರುತ್ತದೆ. ಎಂ.ಕಾಂ. ಒಂದೇ ಸಾಲದು, ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಪಾಸಾಗಿರಬೇಕು ಎಂಬ ಮಾತು ಪ್ರತಿ ವರ್ಷ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಅದನ್ನು ನಾನು ಎರಡು ಸಲ ಬರೆದು, ಎರಡೂ ಸಲ ಸ್ವಲ್ಪದರಲ್ಲಿ ಕಳೆದುಕೊಂಡಿದ್ದೆ. ಮುಂದಿನ ಪಟ್ಟಿಯಲ್ಲಿ ನನ್ನ ಹೆಸರು ಇರುವುದಿಲ್ಲ ಎಂದು ನನಗೆ ಹೆಚ್ಚುಕಡಿಮೆ ಖಾತ್ರಿಯಾಗಿತ್ತು. ಒಳ್ಳೆಯ ಮ್ಯಾನೇಜ್‌ಮೆಂಟ್ ಸಂಸ್ಥೆಯೊಂದಕ್ಕೆ ಸೇರಬೇಕು, ಅದಕ್ಕೆ ನವೆಂಬರಿನ ಕ್ಯಾಟ್ ಪರೀಕ್ಷೆ ಬರೆಯಬೇಕು ಎಂದು ಮನೆಯಲ್ಲಿ ಹೇಳಿದೆ.

"ಒಂದ್ ಸಲ ಬರಿ," ಅಂದ ಅಣ್ಣ. "ಆದ್ರ ಆತು. ಆಗ್ಲಿಲ್ಲಂದ್ರ ಮತ್ತ ಅದು ಇದು ಅನಬ್ಯಾಡ, ಸುಮ್ನ ಬಿ.ಇಡಿ. ಮಾಡು."

ಒಂದು ಸಲ ಎಂಬುದು ಮನೆಯಲ್ಲಿ ನಿರ್ಧಾರವಾಯಿತು.

ಬಳ್ಳಾರಿಯಲ್ಲಿ ಬ್ಯಾಂಕು, ಪೊಲೀಸು, ಎಫ್‌ಡಿಎ, ಪಿಡಿಒ ಎಲ್ಲಕ್ಕೂ ತರಬೇತಿ ಸಿಗುತ್ತದೆ. ಕ್ಯಾಟ್ ಅಂದರೆ ಮಾತ್ರ ವಿಚಾರಿಸಿದ ಕಡೆಯೆಲ್ಲ ಒಮ್ಮೆ ನಗುತ್ತಿದ್ದರು. ಕೊನೆಗೆ ಬ್ಯಾಂಕ್ ಪರೀಕ್ಷೆಗೆ ಕಲಿಸುವ ಒಬ್ಬ ಸರ್ ನನ್ನನ್ನು ಸೇರಿಸಿಕೊಂಡರು.

"ಎಂಬಿಎ ಮಾಡಾಕ ಇಷ್ಟೆಲ್ಲಾ ಯಾಕ್ರಿ ಮೇಡಂ? ಬಳ್ಳಾರ್ಯಾಗ ಸಿಗಂಗಿಲ್ಲೇನು?"

"ನಾ ಹೋಗ್ಬೇಕಂತಿರೋ ಕಡೆ ಈ ಪರೀಕ್ಷೆ ಬರೀಲೇಬೇಕು ಸರ್."

"ಬರೀರಿ, ಬರೀರಿ. ಬ್ಯಾಂಕಿರ್ಲಿ, ಕ್ಯಾಟಿರ್ಲಿ, ಲೆಕ್ಕ ಲೆಕ್ಕಾನ. ಸ್ಪೀಡ್ ಬಂತಂದ್ರ ಎಲ್ಲಾ ಬಂದಂಗ."

ನಾನು ನಂಬಿದೆ. ನಂಬದೇ ಇರಲು ಕಾರಣ ಏನಿತ್ತು ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಪರೀಕ್ಷೆಯ ಮಾಹಿತಿ ನನ್ನ ಫೋನಿನಲ್ಲೇ ಇತ್ತು, ಓದಬಹುದಿತ್ತು. ಆದರೆ ನಮ್ಮ ಕಡೆ ಪರೀಕ್ಷೆ ಅಂದರೆ ಮೊದಲು ಕ್ಲಾಸಿಗೆ ಸೇರುವುದು, ಆಮೇಲೆ ಅದು ಯಾವ ಪರೀಕ್ಷೆ ಎಂದು ನೋಡುವುದು. ಜುಲೈಯಿಂದ ಪ್ರತಿ ಭಾನುವಾರ ಮೊದಲ ಬಸ್ಸಿಗೆ ಬಳ್ಳಾರಿ. ಸರ್ ಹತ್ತಿರ ಒಂದು ಸೀಟಿ ಇತ್ತು. ಹದಿನೈದು ನಿಮಿಷಕ್ಕೆ ಇಪ್ಪತ್ತು ಲೆಕ್ಕ ಕೊಟ್ಟು, ಕ್ರೀಡಾಕೂಟದಲ್ಲಿ ಊದಿದಂತೆ ಊದುತ್ತಿದ್ದರು. ಐವತ್ತರವರೆಗಿನ ವರ್ಗಗಳು, ಮೂವತ್ತರವರೆಗಿನ ಘನಗಳು, ಭಿನ್ನರಾಶಿಯಿಂದ ಶೇಕಡಾ ಎಲ್ಲವೂ ಬಾಯಿಪಾಠ. ಕುರುಗೋಡಿನ ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿಯೊಬ್ಬರು, "ಯಾವ ದೇವ್ರ ಜಪ ಮಾಡಾಕತ್ತೀಯವ್ವ?" ಎಂದು ಕೇಳಿದ್ದರು.

"ಹದಿನೇಳರ ಮಗ್ಗಿ ಅಜ್ಜಿ."

"ಮಾಡು, ಮಾಡು. ಯಾವ್ದಾದ್ರೂ ಒಂದಕ್ಕ ಒಳ್ಳೇದಾಕ್ಕೈತಿ."

ಸೆಪ್ಟೆಂಬರ್ ಕೊನೆಗೆ ಬಳ್ಳಾರಿಯ ಒಂದು ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ಮೊದಲ ಅಣಕು ಪರೀಕ್ಷೆ ಬರೆದೆ. ಮೂರು ಭಾಗ: ಇಂಗ್ಲಿಷ್ ಓದು, ದತ್ತಾಂಶ ಮತ್ತು ತರ್ಕ, ಗಣಿತ. ಒಂದೊಂದಕ್ಕೆ ನಲವತ್ತೇ ನಿಮಿಷ. ನಲವತ್ತು ಮುಗಿದರೆ ಆ ಭಾಗದ ಬಾಗಿಲು ಹಾಕಿದಂತೆ. ವಾಪಸು ಹೋಗುವಂತಿಲ್ಲ, ಬೇಗ ಮುಗಿಸಿ ಮುಂದಕ್ಕೂ ಹೋಗುವಂತಿಲ್ಲ. ಸರಿಯುತ್ತರಕ್ಕೆ ಮೂರು ಅಂಕ, ಆಯ್ಕೆಯ ಪ್ರಶ್ನೆಗೆ ತಪ್ಪುತ್ತರ ಕೊಟ್ಟರೆ ಒಂದು ಅಂಕ ಕಡಿತ. ಉತ್ತರವನ್ನು ನಾವೇ ಟೈಪು ಮಾಡಬೇಕಾದ ಪ್ರಶ್ನೆಗಳಿಗೆ ಕಡಿತವಿಲ್ಲ. ಇಷ್ಟನ್ನು ಪರದೆಯ ಮೇಲೆ ಓದಿದೆ. ಆಮೇಲೆ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚಿತ್ರ ಕಂಡಿತು. ಒತ್ತಿದೆ. ಕ್ಯಾಲ್ಕುಲೇಟರ್ ತೆರೆದುಕೊಂಡಿತು.

ಎರಡೂವರೆ ತಿಂಗಳ ಮಗ್ಗಿ. ಅದನ್ನು ನೋಡುತ್ತಾ ಅರ್ಧ ನಿಮಿಷ ಕಳೆದೆ.

ಅಂಗಡಿಯಲ್ಲಿ ಫಲಿತಾಂಶ ಕೂಡಲೇ ಬಂತು. ಇಂಗ್ಲಿಷ್ ಪರವಾಗಿಲ್ಲ. ಗಣಿತ ಕಳಪೆ. ದತ್ತಾಂಶ ಮತ್ತು ತರ್ಕದಲ್ಲಿ ಇದ್ದ ಇಪ್ಪತ್ತು ಪ್ರಶ್ನೆಗಳಲ್ಲಿ ಹದಿನೇಳಕ್ಕೆ ಉತ್ತರ ಕೊಟ್ಟಿದ್ದೆ. ಸರಿ ಮೂರು, ತಪ್ಪು ಹದಿನಾಲ್ಕು, ಅದರಲ್ಲಿ ಹತ್ತಕ್ಕೆ ಕಡಿತ. ಒಂಬತ್ತರಲ್ಲಿ ಹತ್ತು ಕಳೆದರೆ ಎಷ್ಟು ಎಂಬುದಕ್ಕೆ ಕ್ಯಾಲ್ಕುಲೇಟರ್ ಬೇಡ. ಏನೂ ಮಾಡದೆ ನಲವತ್ತು ನಿಮಿಷ ಕಿಟಕಿ ನೋಡುತ್ತಾ ಕೂತಿದ್ದರೆ ನನಗೆ ಒಂದು ಅಂಕ ಹೆಚ್ಚು ಬರುತ್ತಿತ್ತು.

ಸರ್‌ಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ ಹೇಳಿದರು: "ಹದಿನೇಳು ಭಾಳ ಕಮ್ಮಿ ಆತ್ರಿ ಮೇಡಂ. ಇಪ್ಪತ್ತೂ ಮುಟ್ಟಬೇಕು."

ಅವರನ್ನು ಬೈಯುವುದು ಸುಲಭ. ಆದರೆ ಖಾಲಿ ಬಿಡಬಾರದು ಎಂಬುದು ಅವರು ಕಲಿಸಿದ್ದಲ್ಲ. ನಾನು ಒಂದನೇ ತರಗತಿಯಿಂದ ಎಂ.ಕಾಂ. ತನಕ ಬರೆದ ಪರೀಕ್ಷೆಗಳಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಟ್ಟವಳಲ್ಲ. ಗೊತ್ತಿಲ್ಲದ್ದಕ್ಕೆ ಪ್ರಶ್ನೆಯನ್ನೇ ತಿರುಗಿಸಿ ಬರೆದು, ಕೆಳಗೆ ಗೆರೆ ಎಳೆದು, ಹೆಚ್ಚುವರಿ ಹಾಳೆ ಕಟ್ಟಿದವಳು. ಮೌಲ್ಯಮಾಪನಕ್ಕೆ ಕೂತಾಗ ನಾನೇ ಅಂಥ ಉತ್ತರಗಳಿಗೆ ಒಂದೋ ಎರಡೋ ಅಂಕ ಹಾಕಿದ್ದೇನೆ. ಪಾಪ, ಪ್ರಯತ್ನ ಮಾಡಿದ್ದಾನೆ ಅಂತ. ಪ್ರತಿ ಪರೀಕ್ಷೆಯ ಹಿಂದಿನ ದಿನ ತರಗತಿಯಲ್ಲಿ "ಏನಾದ್ರೂ ಬರೀರಿ, ಖಾಲಿ ಮಾತ್ರ ಬಿಡಬ್ಯಾಡ್ರಿ" ಎಂದು ಹೇಳುವುದು ನನ್ನ ಕೆಲಸದ ಭಾಗವೇ ಆಗಿತ್ತು. ಹಾಗಾಗಿ ಮುಂದಿನ ಭಾನುವಾರ ಇಪ್ಪತ್ತೂ ಮುಟ್ಟಿದೆ. ಅಂಕ ಎರಡು. ಅದರ ಮುಂದಿನದು ಏಳು. ಆಮೇಲೆ ಸೊನ್ನೆ. ತಪ್ಪುಗಳಿಗೆಂದೇ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ತಪ್ಪಿನ ಎದುರು ಕಾರಣ ಬರೆಯಬೇಕು ಎಂದು ಎಲ್ಲೋ ಓದಿದ್ದೆ. ಎರಡು ವಾರದ ಕಾರಣಗಳ ಪಟ್ಟಿ ಹೀಗಿದೆ: "ಅವಸರ. ಅವಸರ. ಅವಸರ. ಗೊತ್ತಿಲ್ಲ. ಅವಸರ." ಕಾಲೇಜಿನಲ್ಲಿ ಅದೇ ಹೊತ್ತಿಗೆ ಆಂತರಿಕ ಅಂಕಗಳನ್ನು ಕಂಪ್ಯೂಟರಿಗೆ ಏರಿಸುವ ಗಡುವು. ಒಂದು ಹೆಸರು ಸೇರಿಸಿದರೆ ಹಿಂದಿನ ಹೆಸರು ಮಾಯ. ಅವತ್ತು ಮನೆಗೆ ಬಂದು ಅವ್ವನ ಮೇಲೆ ರೇಗಿದೆ. ಯಾಕೆ ಎಂದು ದಿನಚರಿಯಲ್ಲಿಲ್ಲ, ಅವ್ವನಿಗೂ ನೆನಪಿಲ್ಲ.

ನವೆಂಬರ್ ಬಂತು. ನವೆಂಬರ್ ಅಂದರೆ ನಮ್ಮ ಮನೆಯಲ್ಲಿ ಫೋನು.

ಅಣ್ಣನ ಹತ್ತಿರ ನೆಲ್ಲು ಕೊಯ್ಯುವ ಎರಡು ಮಷೀನುಗಳಿವೆ. ಒಂದಕ್ಕೆ ಟೈರು, ಒಣ ಗದ್ದೆಗೆ. ಇನ್ನೊಂದಕ್ಕೆ ಚೈನು, ಸ್ವಲ್ಪ ಹಸಿ ಇದ್ದರೂ ಇಳಿಯುತ್ತದೆ. ಅಣ್ಣ ಮಷೀನಿನ ಜೊತೆ ಹೊಲದಲ್ಲಿ. ಯಾರ ಗದ್ದೆಗೆ ಯಾವತ್ತು ಯಾವ ಮಷೀನು ಎಂಬ ಪಾಳಿ ಹಾಕುವುದು ಅತ್ತಿಗೆ. ಅವರು ನನಗಿಂತ ಎರಡು ವರ್ಷ ದೊಡ್ಡವರು, ರಾರಾವಿಯವರು, ಬಳ್ಳಾರಿಯಲ್ಲಿ ಗಣಿತ ತೆಗೆದುಕೊಂಡು ಬಿ.ಎಸ್ಸಿ. ಮಾಡಿದವರು. ನಡುಮನೆಯಲ್ಲಿ ಕೂತು, ಮಡಿಲಲ್ಲಿ ಹಳೆಯ ಡೈರಿ, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಬೆಳಿಗ್ಗೆ ಆರರಿಂದ ಶುರು.

"ಗೌಡ್ರ, ಮಡ್ಯಾಗಿನ ನೀರು ಹೊರಗ ಬಿಟ್ಟು ಎಷ್ಟ್ ದಿನ ಆತ್ರಿ? ... ಮೂರಾ? ಹಂಗಾದ್ರ ಟೈರ್ ಮಷೀನ್ ಬರಂಗಿಲ್ಲ. ... ಒಣಗೈತಿ ಅಂತೀರಿ, ಖರೇನ? ಹಂಗಂದ್ರ ಒಂದ್ ಕೆಲಸ ಮಾಡ್ರಿ, ನಿಮ್ ಬೈಕ್ ಗದ್ದಿ ನಡುಕ ಹೊಡ್ಕೊಂಡ್ ಹೋಗಿ ನಿಲ್ಸಿ ಒಂದ್ ಫೋಟೋ ಕಳಸ್ರಿ. ... ಬೈಕ್ ಹೂಳ್ತೈತೇನು? ಮತ್ತ ನಮ್ ಮಷೀನ್ ಹೂಳಂಗಿಲ್ಲೇನ್ರಿ?"

ಭಾನುವಾರ ಬಳ್ಳಾರಿಗೆ ಹೋಗದ ದಿನ ನಾನು ಪಕ್ಕದ ಕೋಣೆಯಲ್ಲಿ ಗಡಿಯಾರ ಇಟ್ಟುಕೊಂಡು ಕೂತಿರುತ್ತಿದ್ದೆ. ಐದು ನಿಮಿಷಕ್ಕೊಂದು ಕರೆ.

"ಅತ್ತಿಗೀ, ನಲವತ್ತೇ ನಲವತ್ತು ನಿಮಿಷ ಆ ಫೋನ್ ಬಂದ್ ಮಾಡ್ರಿ."

"ನಿನ್ ಪರೀಕ್ಷಾ ಮುಗಿಯೋತನಕ ನೆಲ್ಲು ಉದುರದಂಗ ನಿಲ್ಸಿ ಬಾ, ಮಾಡ್ತೀನಿ."

ಪರೀಕ್ಷೆಗೆ ಮೂರು ವಾರ ಇದ್ದಾಗಿನ ಭಾನುವಾರ, ತರ್ಕದ ಭಾಗದಲ್ಲಿ ಮೈನಸ್ ಮೂರು ಬಂತು. ಲ್ಯಾಪ್‌ಟಾಪು ಮುಚ್ಚಿ ನಡುಮನೆಗೆ ಬಂದು ಅತ್ತಿಗೆಯ ಎದುರು ಕೂತೆ. ಜಗಳ ಮಾಡಬೇಕೆಂದೇ ಬಂದಿದ್ದೆ ಅನಿಸುತ್ತದೆ. ಅವರ ಡೈರಿಯಲ್ಲಿ ಹನ್ನೆರಡು ಹೆಸರು. ಎರಡು ಮಷೀನು, ನಾಲ್ಕು ದಿನ. ಅವರು ಪೆನ್ನು ಹಿಡಿದು ಮೊದಲಿಗೆ ಮಾಡಿದ ಕೆಲಸ, ಒಂದರ ಹಿಂದೊಂದು ಐದು ಹೆಸರು ಹೊಡೆದುಹಾಕಿದ್ದು.

"ಇವ್ರನ್ಯಾಕ ಹೊಡದ್ರಿ?"

"ಇವು ಎರಡು ಹಸಿ. ಇದಕ್ಕ ಹೋಗ್ಬೇಕಂದ್ರ ಕಾಲುವಿ ದಾಟಬೇಕು, ಅಲ್ಲಿ ಸೇತುವಿ ಸಣ್ಣದು, ಮಷೀನ್ ಹಾಯಂಗಿಲ್ಲ. ಇವ್ರು ದಿನಕ್ಕೊಂದ್ ಮಾತಾಡ್ತಾರ. ಇವ್ರು ನಿಮ್ಮಣ್ಣನ ದೋಸ್ತ್."

"ದೋಸ್ತ್ ಆದ್ರ ಬ್ಯಾಡೇನು?"

"ದೋಸ್ತ್ ಅಂತ ಮೊದ್ಲು ಹಾಕಿದ್ರ ಪಾಳಿ ಎಲ್ಲಾ ಅವರ ಸುತ್ತ ತಿರುಗಬೇಕಾಕ್ಕೈತಿ. ಉಳಿದವ್ರನ್ನ ಕೂಡಿಸಿದ ಮ್ಯಾಲೆ ಜಾಗ ಇದ್ರ ಅವ್ರು."

"ಐದು ಮಂದಿ ಬೈತಾರ."

"ಬೈಲಿ ಬಿಡು. ಮಷೀನ್ ಹಸಿ ಗದ್ದ್ಯಾಗ ಸಿಕ್ಕಿಬಿತ್ತಂದ್ರ ತೆಗಿಯಾಕ ಒಂದಿನ ಬೇಕು. ಆಗ ಉಳಿದ ಏಳೂ ಮಂದಿ ಬೈತಾರ."

ಉಳಿದ ಏಳು ಹೆಸರು ಕೂತುಕೊಳ್ಳಲು ಅವರಿಗೆ ಎರಡು ನಿಮಿಷವೂ ಬೇಕಾಗಲಿಲ್ಲ. ನಾನು ಒಳಗೆ ಹೋಗಿ ಲ್ಯಾಪ್‌ಟಾಪು ತಂದೆ. ತರ್ಕದ ಭಾಗದಲ್ಲಿ ಒಂದೊಂದು ಸನ್ನಿವೇಶಕ್ಕೆ ನಾಲ್ಕು ಪ್ರಶ್ನೆಗಳಿರುತ್ತವೆ. ಅದಕ್ಕೆ ಸೆಟ್ ಎನ್ನುತ್ತಾರೆ. ಐದು ಸೆಟ್. ನಾನು ಹದಿನೆಂಟು ನಿಮಿಷ ಸುರಿದು ನಾಲ್ಕೂ ತಪ್ಪು ಮಾಡಿದ್ದ ಒಂದು ಸೆಟ್ ತೋರಿಸಿದೆ. ಆರು ತಂಡ, ಯಾರು ಯಾರನ್ನು ಸೋಲಿಸಿದರು ಅನ್ನುವ ಥರದ್ದು.

ಅವರು ಪೂರ್ತಿ ಓದಲೂ ಇಲ್ಲ. "ಇದನ್ನ್ಯಾಕ ಮುಟ್ಟಿದಿ? ಇದ್ರಾಗ ಒಂದಾದ್ರೂ ಗಟ್ಟಿ ಮಾತೈತೇನು? ಎಲ್ಲಾ 'ಇದ್ರೂ ಇರಬಹುದು, ಇಲ್ದೇನೂ ಇರಬಹುದು.' ನಮ್ ಗೌಡ್ರು ಮಾತಾಡಿದಂಗೈತಿ."

"ಮೊದ್ಲನೇದಿತ್ತಲ್ಲ, ಅದಕ್ಕ ಮಾಡ್ದೆ."

"ಮೊದ್ಲು ಫೋನ್ ಮಾಡಿದವ್ರಿಗೆಲ್ಲಾ ಮೊದ್ಲು ಮಷೀನ್ ಕಳಿಸ್ತೀನೇನು ನಾ?"

ಅವತ್ತಿನ ದಿನಚರಿಯಲ್ಲಿ ನಾನು "ಒಂದು ವಿಷಯ ಹೊಳೆಯಿತು" ಎಂದು ಬರೆದಿದ್ದೇನೆ. ಹೊಳೆದದ್ದು ನನಗೆ ಎಂಬಂತೆ. ಈಗ ಓದಿದರೆ ಮುಜುಗರವಾಗುತ್ತದೆ.

ಏನೇ ಇರಲಿ, ನಿರ್ಧಾರ ನನ್ನದೇ. ಬಳ್ಳಾರಿಯ ಕ್ಲಾಸು ಬಿಟ್ಟೆ. ಸರ್‌ಗೆ ಫೋನ್ ಮಾಡಿದಾಗ "ಕಡೀಗಳಿಗ್ಯಾಗ ಬಿಟ್ಟ್ರ ಹೆಂಗ್ರಿ ಮೇಡಂ, ಸ್ಪೀಡ್ ಈಗ ಬರಾಕತ್ತಿತ್ತು" ಎಂದು ನಿಜವಾಗಿಯೂ ಬೇಜಾರು ಮಾಡಿಕೊಂಡರು. ಇನ್ನು ಮೇಲೆ ಐದರಲ್ಲಿ ಎರಡೋ ಮೂರೋ ಸೆಟ್ ಮಾತ್ರ ಮುಟ್ಟುವುದು, ಉಳಿದವನ್ನು ನೋಡಿಯೂ ನೋಡದಂತೆ ಬಿಡುವುದು ಎಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದೆ.

ಮುಂದಿನ ಪರೀಕ್ಷೆಯಲ್ಲಿ ಧೈರ್ಯವಾಗಿ ನಾಲ್ಕು ಸೆಟ್ ಬಿಟ್ಟು ಒಂದನ್ನೇ ಹಿಡಿದು ಕೂತೆ. ಅದೇ ತಪ್ಪಾಗಿತ್ತು. ಮೂವತ್ತು ನಿಮಿಷ ಅದರಲ್ಲೇ ಮುಳುಗಿ, ಒಂದು ಸರಿ, ಮೂರು ತಪ್ಪು. ಸೊನ್ನೆ. ಕಾಗದ ಕಿತ್ತು ಹಾಕಿದೆ. ಅತ್ತಿಗೆಗೆ ಕೂಗಿ ಹೇಳಿದೆ, ನಿಮ್ಮ ಪಾಳಿ ಲೆಕ್ಕ ನೆಲ್ಲಿಗೆ ಸರಿ, ಇದಕ್ಕಲ್ಲ ಅಂತ.

"ಬಿಡು ಅಂದೆ. ಕಣ್ಮುಚ್ಚಿ ಬಿಡು ಅಂದ್ನೇನು?" ಅಂದರು ಅವರು. "ಫೋಟೋ ತರಿಸಿ ನೋಡಿ ಬಿಡ್ತೀನಿ ನಾ. ನೀ ಏನ್ ನೋಡಿ ಬಿಟ್ಟಿ?"

ಏನೂ ನೋಡಿರಲಿಲ್ಲ.

ಉಳಿದದ್ದು ಎರಡು ವಾರ. ಅಲ್ಲಿಂದ ಮುಂದೆ ನಾವು ಸೆಟ್ ಬಿಡಿಸುವುದನ್ನೇ ನಿಲ್ಲಿಸಿ, ಆರಿಸುವುದನ್ನು ಮಾತ್ರ ಮಾಡಿದೆವು. ಬೆಳಿಗ್ಗೆ ಅವರು ರೊಟ್ಟಿ ಬಡಿಯುವಾಗ ನಾನು ಹಳೆಯ ಸೆಟ್‌ಗಳನ್ನು ಗಟ್ಟಿಯಾಗಿ ಓದುವುದು, ಒಂದು ನಿಮಿಷದೊಳಗೆ ಇಬ್ಬರೂ 'ಹಸಿ' ಅಥವಾ 'ಒಣ' ಎಂದು ಹೇಳುವುದು. ನೋಡಬೇಕಾದದ್ದು ಮೂರೇ: ಅನುಮಾನವಿಲ್ಲದ ಗಟ್ಟಿ ಮಾತು ಎಷ್ಟಿವೆ, ಅವು ಒಂದನ್ನೊಂದು ಮುಟ್ಟುತ್ತವೆಯೋ ಇಲ್ಲವೋ, ಪ್ರಶ್ನೆಯೇ ಹೊಸ ಷರತ್ತು ತರುತ್ತದೆಯೋ. ಪ್ರಶ್ನೆಯಲ್ಲಿ 'ಒಂದು ವೇಳೆ' ಬಂದರೆ ಅತ್ತಿಗೆ ಹಿಟ್ಟಿನ ಕೈ ಎತ್ತಿ "ಹಸಿ, ಹಸಿ, ಮುಂದಕ್ಕ ನಡಿ" ಅನ್ನುತ್ತಿದ್ದರು. ಆಮೇಲೆ ನಾನು ಕೂತು ಬಿಡಿಸಿ ಯಾರ ಮಾತು ಸರಿ ಎಂದು ಗುರುತು ಹಾಕುತ್ತಿದ್ದೆ. ಮೊದಲ ಮೂವತ್ತು ಸೆಟ್‌ಗಳಲ್ಲಿ ಅವರದು ಇಪ್ಪತ್ತಾರು ಸರಿ, ನನ್ನದು ಹದಿನೈದು. ಹದಿನೈದು ಅಂದರೆ ಕಣ್ಣು ಮುಚ್ಚಿ ಹೇಳಿದರೂ ಬರುವಷ್ಟು.

ನನಗೆ ಸಿಟ್ಟು ಬರುತ್ತಿತ್ತು. ಮೆಚ್ಚುಗೆ ಎಂದು ಬರೆಯಬೇಕೆನಿಸುತ್ತದೆ, ಆದರೆ ದಿನಚರಿಯಲ್ಲಿರುವುದು ಸಿಟ್ಟೇ. ಒಂದು ಮಧ್ಯಾಹ್ನ ಕಾಲೇಜಿಂದ ಬಂದಾಗ ಅತ್ತಿಗೆಯ ಡೈರಿ ತೆರೆದು ಬಿದ್ದಿತ್ತು. ಎಡಗಡೆಯ ಪುಟದಲ್ಲಿ ಸಿರಿಗೇರಿ ಕಡೆಯ ಗದ್ದೆಗಳ ಹೆಸರು. ಬಲಗಡೆ, ಬೆಳಿಗ್ಗೆ ನಾವಿಬ್ಬರೂ 'ಹಸಿ' ಎಂದು ಬಿಟ್ಟಿದ್ದ ಸೆಟ್. ಸ್ಕೇಲಿನಿಂದ ಗೆರೆ ಹಾಕಿ ಚೌಕ ಎಳೆದು, ನಾಲ್ಕೂ ಉತ್ತರ ಬರೆದಿದ್ದರು. ಮೇಲೆ ಶುರುಮಾಡಿದ ಸಮಯ, ಕೆಳಗೆ ಮುಗಿಸಿದ ಸಮಯ. ಒಂಬತ್ತು ನಿಮಿಷ. ನಾನು ಉತ್ತರ ತಾಳೆ ನೋಡಿದೆ. ನಾಲ್ಕೂ ಸರಿ.

"ಇದು ಹಸಿ ಅಂದಿದ್ರಲ್ಲ?"

"ನಿನಗ ಹಸಿ," ಅಂದರು. ಡೈರಿ ಮುಚ್ಚಿದರು.

ನಿಧಾನಕ್ಕೆ ನನ್ನ ಗುರುತುಗಳೂ ಸುಧಾರಿಸಿದವು. ಕೊನೆಯ ಹತ್ತರಲ್ಲಿ ಎಂಟು. ತರಗತಿಯಲ್ಲಿ ಒಂದು ದಿನ, ಕಿರುಪರೀಕ್ಷೆಯ ಮುಂಚೆ, "ಏನಾದ್ರೂ ಬರೀರಿ" ಎಂದು ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದೆ. ಮುಂದಿನ ಬೆಂಚಿನ ಹುಡುಗಿ "ಮುಂದ ಹೇಳ್ರಿ ಮಿಸ್, ಖಾಲಿ ಬಿಡಬ್ಯಾಡ್ರಿ" ಎಂದು ನನ್ನ ವಾಕ್ಯವನ್ನು ತಾನೇ ಮುಗಿಸಿದಳು. ಇಡೀ ತರಗತಿ ನಕ್ಕಿತು. ಆ ಮಕ್ಕಳ ಪರೀಕ್ಷೆಗೆ ಅದೇ ಸರಿ ಇತ್ತಲ್ಲ. ನಾನು ಏನು ತಿದ್ದಲಿ?

ಪರೀಕ್ಷೆ ಬಿದ್ದದ್ದು ಹುಬ್ಬಳ್ಳಿಯಲ್ಲಿ, ಮಧ್ಯಾಹ್ನದ ಪಾಳಿಗೆ. ಮಷೀನುಗಳು ಎರಡೂ ಹೊಲದಲ್ಲಿದ್ದ ಕಾರಣ ಅಣ್ಣನಿಗೆ ಬರಲಾಗಲಿಲ್ಲ. ಅವ್ವನ ಜೊತೆ ಹಿಂದಿನ ದಿನವೇ ಹೋಗಿ ಪರಿಚಯದವರ ಮನೆಯಲ್ಲಿ ಉಳಿದೆ. ಇಂಗ್ಲಿಷ್ ಭಾಗ ನನಗೆ ಹೇಗೆ ಹೋಯಿತೋ ನೆನಪಿಲ್ಲ. ತರ್ಕದ ಭಾಗ ತೆರೆದಾಗ ಪೆನ್ನನ್ನು ಕೆಳಗಿಟ್ಟೆ. ಐದೂ ಸೆಟ್ ಓದಿದೆ, ಏನೂ ಬರೆಯದೆ. ಸುತ್ತ ಕೀಲಿಮಣೆಗಳ ಸದ್ದು. ಎಲ್ಲರೂ ಶುರುಮಾಡಿದ್ದಾರೆ, ನಾನು ಮಾತ್ರ ಓದುತ್ತಿದ್ದೇನೆ. ಆರು ನಿಮಿಷ ಹೋಯಿತು. ಎರಡು ಸೆಟ್ ಸ್ಪಷ್ಟವಾಗಿ ಒಣ. ಎರಡು ಹಸಿ. ಐದನೆಯದು ಗೊತ್ತಾಗಲಿಲ್ಲ; ಚೈನು ಇಳಿಸಬಹುದು, ಟೈರು ಬೇಡ ಅನ್ನುವಂಥದ್ದು. ಎರಡನ್ನು ಪೂರ್ತಿ ಮುಗಿಸಿ ಐದನೆಯದರಲ್ಲಿ ಎರಡು ಪ್ರಶ್ನೆಗೆ ಕೈಹಾಕಿದೆ. ಹತ್ತು ಉತ್ತರ. ಹತ್ತು ಖಾಲಿ. ಖಾಲಿ ಬಿಟ್ಟ ಹತ್ತನ್ನು ನೋಡುತ್ತಾ ಕೊನೆಯ ಎರಡು ನಿಮಿಷ ಕೂತಿದ್ದು ಆ ಇಡೀ ಪರೀಕ್ಷೆಯಲ್ಲೇ ಕಷ್ಟದ ಕೆಲಸ. ಕೈ ತಾನೇ ಹೋಗಿ ಏನಾದರೂ ಒತ್ತುತ್ತದೆ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

ಹತ್ತರಲ್ಲಿ ಒಂಬತ್ತು ಸರಿಯಾಗಿದ್ದವು. ಗಣಿತ ನನ್ನನ್ನು ಕೆಳಕ್ಕೆ ಎಳೆಯಿತು. ಐವತ್ತರವರೆಗಿನ ವರ್ಗಗಳು ಒಂದು ಕಡೆಯೂ ಉಪಯೋಗಕ್ಕೆ ಬರಲಿಲ್ಲ. ಆದರೆ ತರ್ಕದ ಅಂಕ ಎಷ್ಟು ಚೆನ್ನಾಗಿತ್ತೆಂದರೆ, ದೊಡ್ಡ ಹೆಸರಿನವು ಬಿಟ್ಟು ಹೊಸದಾಗಿ ಶುರುವಾದ ಒಂದು ಸಂಸ್ಥೆಯಿಂದ ಸಂದರ್ಶನಕ್ಕೆ ಕರೆ ಬಂತು. ಒಂದೇ ಒಂದು ಕರೆ.

ಸಂದರ್ಶನ ವಿಡಿಯೊದಲ್ಲಿ. ಸಿರುಗುಪ್ಪದ ಮನೆಯಲ್ಲೇ, ಅದೇ ಕೋಣೆಯಲ್ಲಿ. ಅವತ್ತು ಅತ್ತಿಗೆ, ನಾನು ಕೇಳದೆಯೇ, ತಮ್ಮ ಫೋನು ಬಂದ್ ಮಾಡಿದ್ದರು. ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲವಾದ್ದರಿಂದ ಯಾರೂ ತಳ್ಳದಿರಲಿ ಎಂದು ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಈ ದಿನದ ಬಗ್ಗೆ ದಿನಚರಿಯಲ್ಲಿ ಇರುವುದು ಮೂರೇ ಶಬ್ದ: "ಸಂದರ್ಶನ. ಚೆನ್ನಾಗಿ ಆಯಿತು." ಆದರೆ ಇದೊಂದಕ್ಕೆ ನನಗೆ ದಿನಚರಿ ಬೇಕಿಲ್ಲ.

ಪರದೆಯಲ್ಲಿ ಮೂವರು. ಉಪನ್ಯಾಸಕಿ ಯಾಕೆ ಮ್ಯಾನೇಜ್‌ಮೆಂಟ್ ಓದಬೇಕು ಎಂದು ಕೇಳಿದರು. ಬಾಯಿಪಾಠ ಮಾಡಿದ್ದನ್ನು ಹೇಳಿದೆ. ಒಬ್ಬರು ಕೆಳಗೆ ನೋಡುತ್ತಿದ್ದರು, ಇನ್ನೊಬ್ಬರು ಚಹಾ ಕುಡಿಯುತ್ತಿದ್ದರು. ಇಂಥ ಉತ್ತರ ಅವರು ಅವತ್ತು ಹತ್ತನೆಯ ಸಲ ಕೇಳುತ್ತಿದ್ದಿರಬೇಕು. ಆಮೇಲೆ ಚಹಾ ಕುಡಿಯುತ್ತಿದ್ದವರು ಕೇಳಿದರು: ಪಾಠ ಮಾಡುವುದು ಬಿಟ್ಟು ನೀವು ಸ್ವತಃ ನಿಭಾಯಿಸಿದ ಕೆಲಸ ಯಾವುದಾದರೂ ಇದೆಯೇ?

ಇಲ್ಲ ಎಂದು ಹೇಳಬೇಕಿತ್ತು. ಅದು ನನಗೆ ಗೊತ್ತಿಲ್ಲದ ಪ್ರಶ್ನೆ. ಬಿಡಬೇಕಾದ ಪ್ರಶ್ನೆ.

ನಮ್ಮ ಮನೆಯ ಎರಡು ಕಟಾವು ಮಷೀನುಗಳ ಪಾಳಿಯನ್ನು ಎರಡು ವರ್ಷದಿಂದ ನಾನೇ ನೋಡಿಕೊಳ್ಳುತ್ತೇನೆ ಎಂದೆ. ಬೈಕಿನ ಫೋಟೋ ಹೇಳಿದೆ. ಕಾಲುವೆಯ ಸಣ್ಣ ಸೇತುವೆ ಹೇಳಿದೆ. ಮೊದಲು ಯಾರಿಗೆ ಇಲ್ಲ ಅನ್ನಬೇಕು ಎಂದು ನೋಡುವುದು, ದೋಸ್ತನನ್ನು ಕೊನೆಗೆ ಇಡುವುದು, ಎಲ್ಲ ಹೇಳಿದೆ. ಇಂಗ್ಲಿಷಿನಲ್ಲಿ ಅದು ಇನ್ನೂ ಚೆನ್ನಾಗಿ ಕೇಳಿಸಿತು. ಚಹಾ ಲೋಟ ಕೆಳಗಿಟ್ಟರು. ಕೆಳಗೆ ನೋಡುತ್ತಿದ್ದವರು ತಲೆ ಎತ್ತಿದರು. ಮಳೆ ಬಂದರೆ ಏನು ಮಾಡುತ್ತೀರಿ, ಒಂದು ಮಷೀನು ಕೆಟ್ಟರೆ ಯಾರನ್ನು ಬಿಡುತ್ತೀರಿ ಎಂದು ಕೇಳುತ್ತಾ ಹೋದರು. ನವೆಂಬರಿನಲ್ಲಿ ಪಕ್ಕದ ಕೋಣೆಯಿಂದ ಕಿವಿಗೆ ಬಿದ್ದು ನನ್ನನ್ನು ರೇಗಿಸಿದ್ದ ಒಂದೊಂದು ಮಾತೂ ನನಗೆ ಉತ್ತರವಾಗಿ ಒದಗಿತು. ಹತ್ತು ಹನ್ನೆರಡು ನಿಮಿಷ ಅದೇ ನಡೆಯಿತು.

ಮುಗಿಸಿ ಬಾಗಿಲು ತೆಗೆದೆ. ಕುರ್ಚಿ ಅಲ್ಲೇ ಇತ್ತು, ಅತ್ತಿಗೆಯೂ. ಅವರಿಗೆ ಇಂಗ್ಲಿಷ್ ನನ್ನಷ್ಟೇ ಬರುತ್ತದೆ.

"ಚಲೋ ಆತೇನು?"

"ಹ್ಞೂಂ."

"ಕೈ ತೊಳ್ಕೊ, ಉಣ್ಣಾಕ ಹಾಕ್ತೀನಿ," ಎಂದು ಒಳಗೆ ಹೋದರು. ಹೋಗುತ್ತಾ ಫೋನು ಆನ್ ಮಾಡಿಕೊಂಡರು.

ಮೇ ತಿಂಗಳಲ್ಲಿ ಸೀಟು ಸಿಕ್ಕಿತು. ಅಣ್ಣ ಓಣಿಗೆಲ್ಲ ಸಿಹಿ ಹಂಚಿದ. ಬಂದವರೊಬ್ಬರ ಎದುರು ಅತ್ತಿಗೆ, "ಭಾಳ ಕಷ್ಟಪಟ್ಟಾಳ್ರಿ, ನಾ ಕಣ್ಣಾರೆ ನೋಡೀನಿ," ಎಂದರು. ಅದರಲ್ಲಿ ಕೊಂಕು ಇತ್ತೇ ಎಂದು ಎಷ್ಟು ತಿರುವಿ ನೋಡಿದರೂ ನನಗೆ ಸಿಗಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ನಾನು ಹೇಳಿದ್ದನ್ನು ಸಣ್ಣದು ಮಾಡಿಕೊಳ್ಳಲು ದಾರಿಗಳೇನೋ ಇವೆ. ಮನೆಯ ಕೆಲಸ ಮನೆಯವರೆಲ್ಲರದು. ನಾನೂ ಎರಡು ಸಲ ಫೋನು ಎತ್ತಿದ್ದೆ. ಸಂದರ್ಶನದಲ್ಲಿ ಎಲ್ಲರೂ ಸ್ವಲ್ಪ ಹೆಚ್ಚಿಗೆ ಹೇಳುತ್ತಾರೆ. ಇವನ್ನೆಲ್ಲ ತಪ್ಪಿನ ನೋಟ್‌ಬುಕ್ಕಿನಲ್ಲಿ ಬರೆದು ನೋಡಿದೆ. ಒಂದೂ ಗಟ್ಟಿ ಮಾತಲ್ಲ.

ಹೋಗುವ ಹಿಂದಿನ ವಾರ, ಅವರು ನನ್ನ ಪೆಟ್ಟಿಗೆಗೆ ಚಟ್ನಿಪುಡಿ ಕಟ್ಟುತ್ತಿದ್ದಾಗ ಕೇಳಿದೆ. ಅವರ ಕೈ ಒಂದು ಕ್ಷಣವೂ ನಿಲ್ಲಲಿಲ್ಲ. ಗಂಟು ಬಿಗಿದು, ಮೇಲೊಂದು ಕವರು ಹಾಕಿ, ಎರಡನೆಯ ಪೊಟ್ಟಣಕ್ಕೆ ಕೈ ಹಚ್ಚಿದರು. ಅದಾದ ಮೇಲೆ ಹಾಸ್ಟೆಲಿನಿಂದ ದಿನಾ ಮಾತಾಡುತ್ತೇವೆ. ಊಟ ಆಯಿತೇ, ಅಲ್ಲಿ ಚಳಿಯೇ, ಅವ್ವನ ಮೊಣಕಾಲು ಹೇಗಿದೆ, ಈ ಸಲ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಎಲ್ಲವೂ ಆಗುತ್ತದೆ. ಮತ್ತೊಮ್ಮೆ ಕೇಳಲು ನನಗೆ ಧೈರ್ಯವಾಗಿಲ್ಲ, ಅವರಾಗಿ ಎತ್ತಿಲ್ಲ. ನಾನು ಕೇಳಿದ್ದು ಇಷ್ಟು:

"ಅತ್ತಿಗೀ, ಅವತ್ತು ನಾ ಒಳಗ ಹೇಳಿದ್ದೆಲ್ಲಾ ನಿಮಗ ಕೇಳಿಸ್ತಲ್ಲ, ಆಗ ನೀವು ಒಪ್ಕೊಂಡು ಸುಮ್ನ ಕುಂತ್ರೇನು, ಇಲ್ಲಾ ನನ್ ಸೀಟು ಹೋಗ್ಬಾರ್ದಂತ ಸುಮ್ನ ಕುಂತ್ರೇನು?"